ಹಾರುವ ತಟ್ಟೆಗಳ ಬೆನ್ನು ಹತ್ತಿದ ಖಗೋಳ ವಿಜ್ಞಾನಿ: ಅಲೆನ್ ಹೈನೆಕ್ ಬದುಕಿನಿಂದ ಕಾರವಾರ, ಅಂಕೋಲಾದವರು ಕಲಿಯಬೇಕಾದ್ದೇನು?

ಸಂಜೆ ಏಳರ ಹೊತ್ತು. ನೀವು ಅಂಕೋಲಾದಿಂದ ಕಾರವಾರಕ್ಕೆ ಬೈಕಿನಲ್ಲಿ ಹೊರಟಿದ್ದೀರಿ ಎಂದುಕೊಳ್ಳಿ. ಅವರ್ಸಾ, ಹಾರವಾಡ ದಾಟುತ್ತಿದ್ದಂತೆ ಎಡಗಡೆ, ಸಮುದ್ರದ ಮೇಲೆ, ಒಂದು ಬೆಳಕು ಕಾಣುತ್ತದೆ. ನೀವು ಮುಂದೆ ಹೋದಂತೆ ಅದೂ ಜತೆಗೇ ಬರುತ್ತದೆ. ನೀವು ಗಾಡಿ ನಿಲ್ಲಿಸಿದರೆ ಅದೂ ನಿಲ್ಲುತ್ತದೆ. ಸ್ವಲ್ಪ ಹೊತ್ತಿಗೆ ಕೆಂಪಗಾಗಿ, ಮಿನುಗಿ, ನೀರಿಗೆ ಇಳಿದ ಹಾಗೆ ಮಾಯವಾಗುತ್ತದೆ.

ಮುಂದೆ ಅರ್ಗಾದ ಬಳಿ ನೌಕಾನೆಲೆ ಇದೆ. ಒಳಗೆ ಕಾಳಿ ನದಿಯ ದಂಡೆಯಲ್ಲಿ ಕೈಗಾ ಅಣು ವಿದ್ಯುತ್ ಸ್ಥಾವರ ಇದೆ. ನಿಮ್ಮ ಮೊಬೈಲಿನಲ್ಲಿ ನಡುಗುವ ಕೈಯಿಂದ ತೆಗೆದ ಹನ್ನೆರಡು ಸೆಕೆಂಡಿನ ವಿಡಿಯೊ ಇದೆ. ಅದು ಗುಂಪಿಗೆ ಹೋಗಿ, ಅಲ್ಲಿಂದ ಇನ್ನೊಂದು ಗುಂಪಿಗೆ ಹೋಗಿ, ನೀವು ಮನೆ ಮುಟ್ಟುವಷ್ಟರಲ್ಲಿ ನೌಕಾನೆಲೆಯ ಮೇಲೆ ಏಲಿಯನ್ ನೌಕೆ ಅಥವಾ ಶತ್ರು ದೇಶದ ಡ್ರೋನ್ ಎಂಬ ಸುದ್ದಿಯಾಗಿ ನಿಮಗೇ ವಾಪಸ್ ಬಂದಿರುತ್ತದೆ.

ಆ ಬೆಳಕು ಬಹುಮಟ್ಟಿಗೆ ಶುಕ್ರಗ್ರಹ. ಅದು ಬಲು ದೂರದಲ್ಲಿರುವುದರಿಂದ ನಾವು ಎಷ್ಟು ದೂರ ಹೋದರೂ ದಿಕ್ಕು ಬದಲಾಗುವುದಿಲ್ಲ. ಹಾಗಾಗಿಯೇ ಅದು ನಮ್ಮನ್ನು ಹಿಂಬಾಲಿಸಿದಂತೆ ಕಾಣುತ್ತದೆ. ದಿಗಂತದ ಹತ್ತಿರ ಅದರ ಬೆಳಕು ದಪ್ಪನೆಯ ಗಾಳಿಯ ಪದರ ಹಾದು ಬರುವುದರಿಂದ ಕೆಂಪಾಗುತ್ತದೆ, ಮಿನುಗುತ್ತದೆ. ಆದರೆ ಬಹುಮಟ್ಟಿಗೆ ಎಂಬ ಮಾತನ್ನು ಗಮನಿಸಿ. ದಿನಾಂಕ, ಗಂಟೆ, ದಿಕ್ಕು ತಿಳಿಯದೆ ಶುಕ್ರ ಎಂದು ಖಚಿತವಾಗಿ ಹೇಳುವುದೂ ತಪ್ಪೇ. ಈ ಪಾಠವನ್ನು ಬಲು ದುಬಾರಿ ಬೆಲೆ ತೆತ್ತು ಕಲಿತ ಒಬ್ಬ ವಿಜ್ಞಾನಿ ಇದ್ದರು. ಅಮೆರಿಕದ ವಾಯುಪಡೆ ನಡೆಸಿದ ಹಾರುವ ತಟ್ಟೆಗಳ ಅಧಿಕೃತ ತನಿಖೆಗೆ ಅವರು ಸುಮಾರು ಎರಡು ದಶಕ ಸಲಹೆಗಾರರಾಗಿದ್ದರು. ಹೆಸರು ಜೋಸೆಫ್ ಅಲೆನ್ ಹೈನೆಕ್.

ಧೂಮಕೇತು ಬಂದ ವರ್ಷ ಹುಟ್ಟಿದವರು

ಹೈನೆಕ್ ಹುಟ್ಟಿದ್ದು 1910ರ ಮೇ 1ರಂದು, ಅಮೆರಿಕದ ಷಿಕಾಗೋ ನಗರದಲ್ಲಿ. ತಂದೆ ತಾಯಿ ಚೆಕ್ ಮೂಲದವರು. ಆ ತಿಂಗಳು ಆಕಾಶದಲ್ಲಿ ಹ್ಯಾಲಿ ಧೂಮಕೇತು ಇತ್ತು. ಅದರ ಬಾಲದ ವಿಷಾನಿಲದಿಂದ ಜನ ಸಾಯುತ್ತಾರೆ ಎಂಬ ಪುಕಾರು ಹಬ್ಬಿ, ಹಲವು ಕಡೆ ಜನ ಗಾಬರಿಯಾಗಿದ್ದ ಕಾಲ ಅದು. ವಾಟ್ಸ್‌ಆ್ಯಪ್ ಇಲ್ಲದಿದ್ದರೂ ಸುಳ್ಳು ಸುದ್ದಿಗೆ ಕಾಲುಗಳಿದ್ದವು.

ಹೈನೆಕ್ ಷಿಕಾಗೋ ವಿಶ್ವವಿದ್ಯಾಲಯದಲ್ಲಿ ಓದಿ, ಅದರ ಯರ್ಕ್ಸ್ ವೀಕ್ಷಣಾಲಯದಲ್ಲಿ ಸಂಶೋಧನೆ ಮಾಡಿ 1935ರಲ್ಲಿ ಡಾಕ್ಟರೇಟ್ ಪಡೆದರು. ಮರು ವರ್ಷ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಲು ಸೇರಿದರು. ಎರಡನೇ ಮಹಾಯುದ್ಧದ ಸಮಯದಲ್ಲಿ, ಗುರಿಯ ಹತ್ತಿರ ಬಂದ ಕೂಡಲೇ ತಾನಾಗಿ ಸಿಡಿಯುವ ಶೆಲ್‌ಗಳನ್ನು ರೂಪಿಸುತ್ತಿದ್ದ ಪ್ರಯೋಗಾಲಯದಲ್ಲಿ ದುಡಿದರು. ಸೇನೆಯವರ ಜತೆ ಕೆಲಸ ಮಾಡಿ ಗೊತ್ತಿತ್ತು, ರಹಸ್ಯ ಕಾಪಾಡುವುದೂ ಗೊತ್ತಿತ್ತು. ಯುದ್ಧ ಮುಗಿದ ಮೇಲೆ ಮತ್ತೆ ನಕ್ಷತ್ರಗಳ ಕಡೆಗೆ ಮರಳಿದರು.

ಸೇನೆಗೆ ಆಕಾಶದ ಚಿಂತೆ ಯಾಕೆ?

1947ರ ಜೂನ್ 24ರಂದು ಕೆನೆತ್ ಆರ್ನಾಲ್ಡ್ ಎಂಬ ಖಾಸಗಿ ಪೈಲಟ್, ವಾಷಿಂಗ್ಟನ್ ರಾಜ್ಯದ ರೇನಿಯರ್ ಪರ್ವತದ ಬಳಿ ಒಂಬತ್ತು ಹೊಳೆಯುವ ವಸ್ತುಗಳು ಅತಿ ವೇಗವಾಗಿ ಹಾರಿದ್ದನ್ನು ಕಂಡುದಾಗಿ ಹೇಳಿದರು. ನೀರಿನ ಮೇಲೆ ಎಸೆದ ತಟ್ಟೆ ಪುಟಿಯುತ್ತಾ ಹೋಗುವಂತೆ ಅವು ಚಲಿಸಿದವು ಎಂಬುದು ಅವರ ವಿವರಣೆ. ಪತ್ರಿಕೆಗಳು ಚಲನೆಯ ಹೋಲಿಕೆಯನ್ನು ಆಕಾರಕ್ಕೆ ಅಂಟಿಸಿದವು. ಹಾರುವ ತಟ್ಟೆ ಎಂಬ ಹೆಸರು ಹುಟ್ಟಿತು. ಆಮೇಲೆ ಜನ ತಟ್ಟೆಗಳನ್ನೇ ಕಾಣತೊಡಗಿದರು.

ಅದು ಸೋವಿಯತ್ ಒಕ್ಕೂಟದ ಭಯ ಆವರಿಸಿದ್ದ ಕಾಲ. ಏಲಿಯನ್ ಇದೆಯೋ ಇಲ್ಲವೋ ಎಂಬುದಕ್ಕಿಂತ ಶತ್ರುವಿನ ಹೊಸ ವಿಮಾನ ನಮ್ಮ ಆಕಾಶಕ್ಕೆ ನುಗ್ಗಿದೆಯೇ ಎಂಬುದೇ ಸೇನೆಯ ಚಿಂತೆಯಾಗಿತ್ತು. ವಾಯುಪಡೆ 1948ರಲ್ಲಿ ಪ್ರಾಜೆಕ್ಟ್ ಸೈನ್ ಎಂಬ ತನಿಖೆ ಶುರು ಮಾಡಿತು. ಅದರ ಕಚೇರಿ ಇದ್ದದ್ದು ಓಹಾಯೋ ರಾಜ್ಯದ ಡೇಟನ್ ಬಳಿಯ ವಾಯುನೆಲೆಯಲ್ಲಿ. ಬಂದ ವರದಿಗಳಲ್ಲಿ ಎಷ್ಟು ಬರೀ ನಕ್ಷತ್ರ, ಗ್ರಹ, ಉಲ್ಕೆ ಎಂದು ಬೇರ್ಪಡಿಸಲು ಒಬ್ಬ ಖಗೋಳ ವಿಜ್ಞಾನಿ ಬೇಕಾಗಿತ್ತು. ಹೈನೆಕ್ ಅದೇ ರಾಜ್ಯದಲ್ಲಿದ್ದರು. ಕರೆ ಬಂತು, ಒಪ್ಪಿಕೊಂಡರು.

ಆಗ ಅವರಿಗೆ ಇದೆಲ್ಲ ಯುದ್ಧಾನಂತರದ ಒಂದು ಹುಚ್ಚು, ಸ್ವಲ್ಪ ದಿನದಲ್ಲಿ ಇಳಿಯುತ್ತದೆ ಅನ್ನಿಸಿತ್ತು. ಮೊದಲ ಸುತ್ತಿನಲ್ಲಿ ಇನ್ನೂರಕ್ಕೂ ಹೆಚ್ಚು ವರದಿಗಳನ್ನು ಕೂತು ಪರೀಕ್ಷಿಸಿದರು. ದಿನಾಂಕ, ಗಂಟೆ, ದಿಕ್ಕು, ದಿಗಂತದಿಂದ ಎತ್ತರ, ಇವನ್ನು ಖಗೋಳ ಪಂಚಾಂಗದ ಜತೆ ಹೋಲಿಸುವುದೇ ಅವರ ವಿಧಾನ. ಸುಮಾರು ಮೂರನೇ ಒಂದು ಭಾಗ ಆಕಾಶಕಾಯಗಳೇ ಎಂದು ಗೊತ್ತಾಯಿತು. ಬಲೂನು, ವಿಮಾನ, ಹಕ್ಕಿ ಇತ್ಯಾದಿ ಇನ್ನಷ್ಟು. ಒಂದು ಪಾಲಿಗೆ ಮಾತ್ರ ಉತ್ತರ ಸಿಗಲಿಲ್ಲ.

ಒಂದು ಬಲೂನು, ಒಂದು ಜೀವ

ತಪ್ಪಾಗಿ ಗುರುತಿಸಿದರೆ ಏನು ಮಹಾ ನಷ್ಟ ಎನ್ನುವವರು ಈ ಘಟನೆಯನ್ನು ತಿಳಿದಿರಬೇಕು. 1948ರ ಜನವರಿ 7ರಂದು ಕೆಂಟಕಿ ರಾಜ್ಯದ ಗಾಡ್‌ಮನ್ ವಾಯುನೆಲೆಯವರಿಗೆ ಆಕಾಶದಲ್ಲಿ ಬೆಳ್ಳಗಿನ ದುಂಡು ವಸ್ತು ಕಾಣಿಸಿತು. ಆ ದಾರಿಯಲ್ಲಿ ಹಾರುತ್ತಿದ್ದ ಯುದ್ಧ ವಿಮಾನಗಳಿಗೆ ಹೋಗಿ ನೋಡಲು ಹೇಳಿದರು. ಕ್ಯಾಪ್ಟನ್ ಥಾಮಸ್ ಮ್ಯಾಂಟೆಲ್ ಅದರ ಬೆನ್ನು ಹತ್ತಿ ಮೇಲೇರಿದರು. ವಿಮಾನದಲ್ಲಿ ಆಮ್ಲಜನಕದ ವ್ಯವಸ್ಥೆ ಇರಲಿಲ್ಲ. ಆರು ಸಾವಿರ ಮೀಟರ್ ದಾಟಿದ ಮೇಲೆ ಪ್ರಜ್ಞೆ ತಪ್ಪಿರಬೇಕು. ವಿಮಾನ ನೆಲಕ್ಕೆ ಬಿತ್ತು. ಅವರಿಗೆ 25 ವರ್ಷ.

ಏಲಿಯನ್ ನೌಕೆ ವಿಮಾನವನ್ನು ಹೊಡೆದುರುಳಿಸಿತು ಎಂಬ ಕಥೆ ಹಬ್ಬಿತು. ಅಧಿಕಾರಿಗಳು ಮೊದಲು ಶುಕ್ರಗ್ರಹದ ಕಡೆ ಕೈ ತೋರಿಸಿದರು. ಶುಕ್ರ ಅದೇ ದಿಕ್ಕಿನಲ್ಲಿ ಇದ್ದದ್ದು ನಿಜ. ಆದರೆ ನಡು ಹಗಲಿನಲ್ಲಿ ಅದು ಹಾಗೆ ಎದ್ದು ಕಾಣುವುದು ಕಷ್ಟ. ಹೆಚ್ಚು ಹೊಂದುವ ವಿವರಣೆ ಕೆಲವು ವರ್ಷಗಳ ಮೇಲೆ ಬಂತು. ಅಮೆರಿಕದ ನೌಕಾಪಡೆ ಆಗ ಸ್ಕೈಹುಕ್ ಎಂಬ ದೈತ್ಯ ಬಲೂನುಗಳನ್ನು ಗುಟ್ಟಾಗಿ ಹಾರಿಸುತ್ತಿತ್ತು. ಉಬ್ಬಿದಾಗ ಅವು ಸುಮಾರು 30 ಮೀಟರ್ ಅಗಲವಾಗುತ್ತಿದ್ದವು, ವಿಮಾನಕ್ಕೆ ನಿಲುಕದ ಎತ್ತರದಲ್ಲಿ ತೇಲುತ್ತಿದ್ದವು. ತಮ್ಮದೇ ದೇಶದ ನೌಕಾಪಡೆಯ ಗುಟ್ಟು ವಾಯುಪಡೆಯ ಪೈಲಟ್‌ಗೆ ತಿಳಿದಿರಲಿಲ್ಲ.

ಸೇನಾ ನೆಲೆಯ ಪಕ್ಕ ಬದುಕುವವರಿಗೆ ಇದು ಮುಖ್ಯ. ಆಕಾಶದಲ್ಲಿ ಕಂಡದ್ದು ನಮಗೆ ಗೊತ್ತಿಲ್ಲದ್ದು ಎಂದ ಮಾತ್ರಕ್ಕೆ ಅದು ಬೇರೆ ಲೋಕದ್ದು ಎಂದಲ್ಲ. ಅಧಿಕಾರಿಗಳು ಸುಮ್ಮನಿದ್ದಾರೆ ಎಂದ ಮಾತ್ರಕ್ಕೆ ಏಲಿಯನ್ನನ್ನು ಬಚ್ಚಿಟ್ಟಿದ್ದಾರೆ ಎಂದೂ ಅಲ್ಲ.

ನೈನಿತಾಲ್‌ನ ಕ್ಯಾಮೆರಾ

ಪ್ರಾಜೆಕ್ಟ್ ಸೈನ್ ಮುಂದೆ ಗ್ರಡ್ಜ್ ಆಯಿತು. 1952ರಲ್ಲಿ ಪ್ರಾಜೆಕ್ಟ್ ಬ್ಲೂ ಬುಕ್ ಎಂಬ ಹೆಸರು ಪಡೆಯಿತು. ಹೈನೆಕ್ ಸಲಹೆಗಾರರಾಗಿ ಮುಂದುವರಿದರು. 1953ರ ಜನವರಿಯಲ್ಲಿ ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ, ಭೌತವಿಜ್ಞಾನಿ ರಾಬರ್ಟ್‌ಸನ್ ಅವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ಕೂರಿಸಿತು. ಹಾರುವ ತಟ್ಟೆಗಳಿಂದ ನೇರ ಅಪಾಯ ಕಾಣುತ್ತಿಲ್ಲ, ಆದರೆ ಸುಳ್ಳು ವರದಿಗಳ ಮಹಾಪೂರದಲ್ಲಿ ನಿಜವಾದ ದಾಳಿಯ ಸುದ್ದಿ ಕೊಚ್ಚಿಹೋಗುವ ಅಪಾಯ ಇದೆ ಎಂದು ಸಮಿತಿ ಹೇಳಿತು. ಆದ್ದರಿಂದ ಜನರ ಕುತೂಹಲವನ್ನು ತಣ್ಣಗಾಗಿಸಬೇಕು ಎಂಬ ಸಲಹೆ ಬಂತು. ಅಲ್ಲಿಂದ ಬ್ಲೂ ಬುಕ್‌ನ ಸ್ವಭಾವವೇ ಬದಲಾಯಿತು. ಬೆರಳೆಣಿಕೆಯ ಸಿಬ್ಬಂದಿ, ಬೇಗ ಏನಾದರೊಂದು ಉತ್ತರ ಕೊಟ್ಟು ಫೈಲ್ ಮುಚ್ಚುವ ಒತ್ತಡ.

ಈ ನಡುವೆ ಹೈನೆಕ್ ಇನ್ನೊಂದು ದೊಡ್ಡ ಕೆಲಸಕ್ಕೆ ಕೈ ಹಾಕಿದರು. 1956ರಲ್ಲಿ ಸ್ಮಿತ್ಸೋನಿಯನ್ ಖಭೌತ ವೀಕ್ಷಣಾಲಯ ಸೇರಿ, ಕೃತಕ ಉಪಗ್ರಹಗಳನ್ನು ಕ್ಯಾಮೆರಾದಿಂದ ಹಿಂಬಾಲಿಸುವ ಯೋಜನೆಯ ಹೊಣೆ ಹೊತ್ತರು. ಬೇಕರ್-ನನ್ ಎಂಬ ಹನ್ನೆರಡು ದೊಡ್ಡ ಕ್ಯಾಮೆರಾಗಳನ್ನು ಜಗತ್ತಿನ ಹಲವು ಕಡೆ ನಿಲ್ಲಿಸಲಾಯಿತು. ಅವುಗಳಲ್ಲಿ ಒಂದು ನಮ್ಮ ನೈನಿತಾಲ್‌ನಲ್ಲಿತ್ತು. ಇದರ ಜತೆ ಮೂನ್‌ವಾಚ್ ಎಂಬ ಸ್ವಯಂಸೇವಕರ ಪಡೆಯೂ ಇತ್ತು. ಶಿಕ್ಷಕರು, ವಿದ್ಯಾರ್ಥಿಗಳು, ಗುಮಾಸ್ತರು ಸಣ್ಣ ದೂರದರ್ಶಕ ಹಿಡಿದು, ಚುಕ್ಕಿಯೊಂದು ಎಷ್ಟು ಗಂಟೆ, ಎಷ್ಟು ನಿಮಿಷ, ಎಷ್ಟು ಸೆಕೆಂಡಿಗೆ ಎಲ್ಲಿ ಹಾದುಹೋಯಿತು ಎಂದು ಬರೆದು ಕಳಿಸುತ್ತಿದ್ದರು. 1957ರ ಅಕ್ಟೋಬರ್ 4ರಂದು ಸ್ಪುಟ್ನಿಕ್ ಹಾರಿದಾಗ ಇಂಥವರ ಟಿಪ್ಪಣಿಗಳು ವಿಜ್ಞಾನಕ್ಕೆ ಕೆಲಸಕ್ಕೆ ಬಂದವು.

ಕಣ್ಣು ಅದೇ ಸಾಮಾನ್ಯ ಮನುಷ್ಯನದ್ದು, ಆಕಾಶವೂ ಅದೇ. ಒಬ್ಬರ ವರದಿ ವಿಜ್ಞಾನವಾಯಿತು, ಇನ್ನೊಬ್ಬರದ್ದು ಗಾಳಿಸುದ್ದಿಯಾಯಿತು. ವ್ಯತ್ಯಾಸ ಇದ್ದದ್ದು ಗಡಿಯಾರ ನೋಡಿ ಬರೆದಿಟ್ಟ ಒಂದು ಸಾಲಿನಲ್ಲಿ.

ಕೊಳ್ಳಿದೆವ್ವ ತಂದ ಅವಮಾನ

1960ರಲ್ಲಿ ಹೈನೆಕ್ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಖಗೋಳ ವಿಭಾಗದ ಮುಖ್ಯಸ್ಥರಾದರು. ಅವರ ಬದುಕಿನ ತಿರುವು ಬಂದದ್ದು 1966ರ ಮಾರ್ಚ್‌ನಲ್ಲಿ. ಮಿಷಿಗನ್ ರಾಜ್ಯದ ಡೆಕ್ಸ್‌ಟರ್ ಮತ್ತು ಹಿಲ್ಸ್‌ಡೇಲ್ ಎಂಬಲ್ಲಿ ಜೌಗು ನೆಲದ ಮೇಲೆ ಬೆಳಕುಗಳು ಕಂಡವು. ನೋಡಿದವರಲ್ಲಿ ಪೊಲೀಸರು, ರೈತರು, ಹತ್ತಾರು ಕಾಲೇಜು ವಿದ್ಯಾರ್ಥಿನಿಯರು ಇದ್ದರು. ಇಡೀ ದೇಶದ ಪತ್ರಕರ್ತರು ಅಲ್ಲಿಗೆ ಧಾವಿಸಿದರು. ವಾಯುಪಡೆ ಹೈನೆಕ್ ಅವರನ್ನು ಕಳಿಸಿತು, ಉತ್ತರ ಬೇಗ ಬೇಕೆಂದಿತು.

ಮಾರ್ಚ್ 25ರಂದು ಡೆಟ್ರಾಯಿಟ್‌ನಲ್ಲಿ ನಡೆದ ಪತ್ರಿಕಾಗೋಷ್ಠಿಯಲ್ಲಿ ಅವರು, ಈ ಎರಡು ಪ್ರಕರಣಗಳಿಗೆ ಮಾತ್ರ, ಜೌಗಿನಿಂದ ಏಳುವ ಅನಿಲ ಕಾರಣವಾಗಿರಬಹುದು ಎಂದರು. ನಮ್ಮ ಕಡೆಯ ಹಿರಿಯರಿಗೆ ಇದು ಹೊಸದಲ್ಲ. ಗದ್ದೆ ಬಯಲಿನಲ್ಲಿ, ಕೆಸರು ಹೊಂಡದ ಮೇಲೆ ರಾತ್ರಿ ಕಾಣುವ ಮಿಣುಕು ಬೆಳಕಿಗೆ ನಾವು ಕೊಳ್ಳಿದೆವ್ವ ಎನ್ನುತ್ತೇವೆ. ಅಂಕೋಲಾ, ಕುಮಟಾದ ಗಜನಿ ಗದ್ದೆಗಳ ಹಾಗೆ ನೀರು ನಿಂತು ಎಲೆ, ಕಸ ಕೊಳೆಯುವ ನೆಲದಲ್ಲಿ ಮೀಥೇನ್‌ನಂಥ ಅನಿಲ ಹುಟ್ಟುತ್ತದೆ. ಅದು ಉರಿದಾಗ ಇಂಥ ಬೆಳಕು ಕಾಣಬಹುದು ಎಂಬುದು ಹಳೆಯ ವಿವರಣೆ.

ಪತ್ರಿಕೆಗಳಿಗೆ ಅನಿಲ ಎಂಬ ಶಬ್ದ ಸಿಕ್ಕಿತು, ಬಹುದು ಎಂಬುದು ಬಿದ್ದುಹೋಯಿತು. ಎರಡು ಪ್ರಕರಣಗಳಿಗೆ ಹೇಳಿದ್ದು ಎಲ್ಲ ಹಾರುವ ತಟ್ಟೆಗಳಿಗೂ ಅನ್ವಯವಾಯಿತು. ವ್ಯಂಗ್ಯಚಿತ್ರಗಳು ಬಂದವು, ಹೈನೆಕ್ ದೇಶದ ನಗೆಪಾಟಲಾದರು. ಬೆಳಕು ನೋಡಿದ ಜನರಿಗೂ ನೋವಾಯಿತು. ತಾವು ಕಂಡದ್ದನ್ನು ಪ್ರಾಮಾಣಿಕವಾಗಿ ಹೇಳಿದ್ದಕ್ಕೆ ಸರ್ಕಾರ ತಮ್ಮನ್ನು ಮೂರ್ಖರೆಂದಿತು ಅನ್ನಿಸಿತು. ಆ ರಾಜ್ಯದ ಸಂಸದ, ಮುಂದೆ ಅಧ್ಯಕ್ಷರಾದ ಜೆರಾಲ್ಡ್ ಫೋರ್ಡ್, ಸಂಸತ್ತಿನ ವಿಚಾರಣೆಗೆ ಒತ್ತಾಯಿಸಿದರು. ಏಪ್ರಿಲ್ 5ರಂದು ಅದು ನಡೆಯಿತು. ಹೈನೆಕ್ ಅಲ್ಲಿ ಹಾಜರಾಗಿ, ಸೇನೆಯ ಹೊರಗಿನ ವಿಜ್ಞಾನಿಗಳು ಇದನ್ನು ಸರಿಯಾಗಿ ಅಧ್ಯಯನ ಮಾಡಲಿ ಎಂದರು.

ಫಾರ್ವರ್ಡ್ ಮಾಡುವವರು ಇಲ್ಲಿ ಒಂದು ನಿಮಿಷ ನಿಲ್ಲಬೇಕು. ಬಹುದು ಎಂಬುದು ಒಂದು ಚಿಕ್ಕ ಪ್ರತ್ಯಯ. ಡ್ರೋನ್ ಆಗಿರಬಹುದು ಎಂಬುದು ಮೂರನೇ ಗುಂಪು ಮುಟ್ಟುವಷ್ಟರಲ್ಲಿ ಡ್ರೋನ್ ಆಗುತ್ತದೆ, ಐದನೆಯದರಲ್ಲಿ ಪಾಕಿಸ್ತಾನದ್ದೋ ಚೀನಾದ್ದೋ ಆಗುತ್ತದೆ. ಅವಸರದ ಸುಳ್ಳು ಸುದ್ದಿಯಷ್ಟೇ ಅವಸರದ ಫ್ಯಾಕ್ಟ್ ಚೆಕ್ ಕೂಡ ಅಪಾಯಕಾರಿ ಎಂಬುದಕ್ಕೂ ಮಿಷಿಗನ್ ಸಾಕ್ಷಿ.

701 ಎಂಬ ಸಂಖ್ಯೆ

ವಿಚಾರಣೆಯ ಫಲವಾಗಿ ಕೊಲರಾಡೋ ವಿಶ್ವವಿದ್ಯಾಲಯದಲ್ಲಿ ಎಡ್ವರ್ಡ್ ಕಾಂಡನ್ ಎಂಬ ಭೌತವಿಜ್ಞಾನಿಯ ನೇತೃತ್ವದಲ್ಲಿ ಅಧ್ಯಯನ ನಡೆಯಿತು. ಇದರ ಹಿಂದೆ ಬಿದ್ದು ವಿಜ್ಞಾನಕ್ಕೆ ಲಾಭ ಆಗುವ ಹಾಗೆ ಕಾಣುವುದಿಲ್ಲ ಎಂಬ ತೀರ್ಮಾನ 1969ರಲ್ಲಿ ಪ್ರಕಟವಾಯಿತು. ಅದೇ ವರ್ಷದ ಡಿಸೆಂಬರ್ 17ರಂದು ವಾಯುಪಡೆ ಬ್ಲೂ ಬುಕ್ ಮುಚ್ಚುವುದಾಗಿ ಪ್ರಕಟಿಸಿತು.

1947ರಿಂದ 1969ರವರೆಗಿನ ಒಟ್ಟು ವರದಿಗಳು 12,618. ಅವುಗಳಲ್ಲಿ ಗುರುತಿಸಲಾಗದೆ ಉಳಿದವು 701. ನೂರಕ್ಕೆ ಐದೂವರೆ. ಈ 701 ಎಂಬುದನ್ನು ಹಿಡಿದುಕೊಂಡು ಅಮೆರಿಕ ಸರ್ಕಾರವೇ 701 ಏಲಿಯನ್ ನೌಕೆಗಳನ್ನು ಒಪ್ಪಿಕೊಂಡಿದೆ ಎಂಬರ್ಥದ ಸಂದೇಶಗಳು ಬಂದರೆ ನಂಬಬೇಡಿ. ಗುರುತಿಸಲಾಗಿಲ್ಲ ಎಂದರೆ ಗುರುತಿಸಲಾಗಿಲ್ಲ ಎಂದಷ್ಟೇ. ವಾರಸುದಾರರು ಸಿಗದ ಪರ್ಸ್ ಪೊಲೀಸ್ ಠಾಣೆಯಲ್ಲಿದ್ದರೆ ಅದು ದೆವ್ವದ ಪರ್ಸ್ ಆಗುವುದಿಲ್ಲವಲ್ಲ, ಹಾಗೆ.

ಹೈನೆಕ್‌ಗೆ ಮಾತ್ರ ಆ ಐದೂವರೆ ಕಾಡಿತು. ತಾನು ವರ್ಷಗಟ್ಟಲೆ ಫೈಲ್ ಮುಚ್ಚುವ ಕೆಲಸಕ್ಕೆ ವಿಜ್ಞಾನದ ಮೊಹರು ಒತ್ತಿಕೊಟ್ಟೆನೇನೋ ಎಂಬ ಅಳುಕು ಅವರಿಗಿತ್ತು. 1972ರಲ್ಲಿ ಒಂದು ಪುಸ್ತಕ ಬರೆದು, ವರದಿಗಳನ್ನು ವಿಂಗಡಿಸುವ ಪದ್ಧತಿ ಮುಂದಿಟ್ಟರು. ಹತ್ತಿರದಿಂದ ನೋಡಿದ್ದು ಮೊದಲ ಬಗೆ, ನೆಲ, ಗಿಡ, ಯಂತ್ರಗಳ ಮೇಲೆ ಗುರುತು ಉಳಿದದ್ದು ಎರಡನೇ ಬಗೆ, ಜೀವಿಗಳನ್ನು ಕಂಡೆವು ಎಂದದ್ದು ಮೂರನೇ ಬಗೆ. ಮರು ವರ್ಷ ಅಧ್ಯಯನಕ್ಕೆಂದು ಒಂದು ಕೇಂದ್ರ ತೆರೆದರು. 1977ರಲ್ಲಿ ಬಂದ ಸ್ಟೀವನ್ ಸ್ಪಿಲ್‌ಬರ್ಗ್ ಸಿನಿಮಾದ ಹೆಸರು ಈ ಮೂರನೇ ಬಗೆಯಿಂದಲೇ ಬಂದದ್ದು. ಅದರಲ್ಲಿ ಬಿಳಿ ಗಡ್ಡದ ಹೈನೆಕ್ ಕೆಲವು ಕ್ಷಣ ಕಾಣಿಸಿಕೊಳ್ಳುತ್ತಾರೆ ಕೂಡ.

ಅವರ ಕೊನೆಯ ವರ್ಷಗಳ ಬಗ್ಗೆ ಸಹ ವಿಜ್ಞಾನಿಗಳಿಗೆ ತಕರಾರಿತ್ತು. ಬರೀ ಕಣ್ಣಾರೆ ಕಂಡವರ ಮಾತಿಗೆ ಹೆಚ್ಚು ತೂಕ ಕೊಟ್ಟರು, ಬೇರೆ ಆಯಾಮಗಳಂಥ ಆಧಾರವಿಲ್ಲದ ಊಹೆಗಳ ಕಡೆ ವಾಲಿದರು ಎಂಬ ಟೀಕೆ ಇದೆ, ಅದರಲ್ಲಿ ಹುರುಳೂ ಇದೆ. 1986ರ ಏಪ್ರಿಲ್ 27ರಂದು ಅರಿಝೋನಾದಲ್ಲಿ ಮೆದುಳಿನ ಗಡ್ಡೆಯಿಂದ ತೀರಿಕೊಂಡರು. ಹ್ಯಾಲಿ ಧೂಮಕೇತು ಆಗ ಮತ್ತೆ ಬಂದು ಹಿಂತಿರುಗುತ್ತಿತ್ತು. ಅಷ್ಟು ವರ್ಷ ಹುಡುಕಿದರೂ ಬೇರೆ ಲೋಕದ ನೌಕೆಯ ಒಂದು ತುಂಡೂ ಅವರಿಗೆ ಸಿಗಲಿಲ್ಲ. ಅಮೆರಿಕದ ರಕ್ಷಣಾ ಇಲಾಖೆ 2022ರಲ್ಲಿ ತೆರೆದ ಹೊಸ ತನಿಖಾ ಕಚೇರಿ ಕೂಡ ಹಳೆಯ ಕಡತಗಳನ್ನೆಲ್ಲ ನೋಡಿ, ಅಂಥ ಪುರಾವೆ ಇಲ್ಲ ಎಂದು 2024ರ ಮಾರ್ಚ್‌ನಲ್ಲಿ ವರದಿ ಕೊಟ್ಟಿದೆ.

ನಮ್ಮ ಸೇನೆ, ನಮ್ಮ ಬೆಂಗಳೂರು

ಇದೆಲ್ಲ ಅಮೆರಿಕದ ಕಥೆ ಎನ್ನಬೇಡಿ. 2012ರ ಆಗಸ್ಟ್‌ನಿಂದ 2013ರ ಫೆಬ್ರುವರಿವರೆಗೆ ಲಡಾಖ್ ಗಡಿಯ ಸರೋವರವೊಂದರ ಮೇಲೆ ನಮ್ಮ ಸೈನಿಕರು ವಿಚಿತ್ರ ಬೆಳಕುಗಳನ್ನು 329 ಸಲ ಕಂಡು ದಾಖಲಿಸಿದರು. ಚೀನಾದ ಬೇಹುಗಾರಿಕೆ ಡ್ರೋನ್ ಎಂಬ ಸಂಶಯ ಇತ್ತು. ಸೇನೆ ಅದನ್ನು ವೈರಲ್ ಮಾಡಲಿಲ್ಲ, ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ವಿಜ್ಞಾನಿಗಳನ್ನು ಕರೆಸಿತು. ಅವರು ಲೆಕ್ಕ ಹಾಕಿ ಹೇಳಿದ್ದು: ಒಂದು ಶುಕ್ರ, ಇನ್ನೊಂದು ಗುರು. ತೆಳು ಗಾಳಿಯ ಎತ್ತರದ ಪ್ರದೇಶದಲ್ಲಿ ಗ್ರಹಗಳು ಇನ್ನಷ್ಟು ಪ್ರಖರವಾಗಿ ಕಾಣುತ್ತವೆ. ಸೈನಿಕರು ಸಮಯ, ಜಾಗ ಬರೆದಿಟ್ಟಿದ್ದರಿಂದಲೇ ಉತ್ತರ ಸಿಕ್ಕಿತು.

ಕಾರವಾರದಲ್ಲೇ ಆದದ್ದನ್ನು ನೆನಪಿಸಿಕೊಳ್ಳಿ. 2024ರ ನವೆಂಬರ್‌ನಲ್ಲಿ ಬೆನ್ನಿಗೆ ಯಂತ್ರ ಕಟ್ಟಿದ್ದ ರಣಹದ್ದೊಂದು ಊರಿನಲ್ಲಿ ಕಂಡಾಗ, ನೌಕಾನೆಲೆ, ಕೈಗಾ ಹತ್ತಿರವಿರುವುದರಿಂದ ಬೇಹುಗಾರಿಕೆಯ ಅನುಮಾನ ಎದ್ದಿತು. ವಿಚಾರಿಸಿದರೆ ಅದು ಮಹಾರಾಷ್ಟ್ರದ ತಡೋಬಾ ಹುಲಿ ಸಂರಕ್ಷಿತ ಪ್ರದೇಶದಿಂದ ಅಧ್ಯಯನಕ್ಕೆಂದು ಬಿಟ್ಟ ಹಕ್ಕಿ. ಅನುಮಾನ ಪಟ್ಟದ್ದು ತಪ್ಪಲ್ಲ, ತಿಳಿಸಿದ್ದೂ ಸರಿ. ಆದರೆ ಗಾಬರಿಯಲ್ಲಿ ಯಾರಾದರೂ ಕಲ್ಲು ಎಸೆದಿದ್ದರೆ ಅಳಿವಿನಂಚಿನ ಒಂದು ಜೀವ ಹೋಗುತ್ತಿತ್ತು.

ನೀವು ಏನು ಮಾಡಬಹುದು?

ವಿಚಿತ್ರ ಬೆಳಕು ಕಂಡರೆ ಮೊದಲು ಗಡಿಯಾರ ನೋಡಿ, ಗಂಟೆ ನಿಮಿಷ ಬರೆದುಕೊಳ್ಳಿ. ನಿಂತ ಜಾಗ, ಬೆಳಕಿನ ದಿಕ್ಕು ಗುರುತು ಹಾಕಿಕೊಳ್ಳಿ. ಕೈ ಪೂರ್ತಿ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಸುಮಾರು 10 ಡಿಗ್ರಿ. ದಿಗಂತದಿಂದ ಎಷ್ಟು ಮುಷ್ಟಿ ಮೇಲಿದೆ ಎಂದು ಎಣಿಸಿ.

ಅದು ಕದಲುತ್ತಿದೆಯೇ ಎಂದು ತಿಳಿಯಲು ತೆಂಗಿನ ಗರಿಯ ತುದಿಗೋ ಕಂಬಕ್ಕೋ ತಾಗಿಸಿ ನೋಡಿ. ಕತ್ತಲಲ್ಲಿ ಒಂಟಿ ಬೆಳಕನ್ನೇ ದಿಟ್ಟಿಸಿದರೆ ಅದು ಅಲುಗಾಡಿದಂತೆ ನಮ್ಮ ಕಣ್ಣೇ ಮೋಸ ಮಾಡುತ್ತದೆ. ವಿಡಿಯೊದಲ್ಲಿ ಆಕಾಶದ ಜತೆ ಮರ, ಕಟ್ಟಡ ಏನಾದರೂ ಬರಲಿ. ಜೂಮ್ ಮಾಡಿದರೆ ಫೋಕಸ್ ತಪ್ಪಿ ಚುಕ್ಕಿಯೂ ತಟ್ಟೆಯಾಗುತ್ತದೆ.

ನಕ್ಷತ್ರ ತೋರಿಸುವ ಉಚಿತ ಆ್ಯಪ್ ತೆರೆದು ಆ ದಿಕ್ಕಿಗೆ ಹಿಡಿಯಿರಿ. ಸಾಲಾಗಿ ಮುತ್ತಿನ ಸರದಂತೆ ಬೆಳಕುಗಳು ಹೋದರೆ ಹೊಸದಾಗಿ ಹಾರಿಸಿದ ಸ್ಟಾರ್‌ಲಿಂಕ್ ಉಪಗ್ರಹಗಳಾಗಿರಬಹುದು. ದಿಗಂತದಲ್ಲೇ ಸಾಲು ದೀಪಗಳಿದ್ದರೆ ಮೀನುಗಾರಿಕೆ ಬೋಟುಗಳಾಗಿರಬಹುದು.

ಡ್ರೋನ್‌ನಂತೆಯೇ ಕಂಡು, ಸದ್ದು ಕೇಳಿಸಿ, ನೌಕಾನೆಲೆಯ ಕಡೆ ಹೋಗುತ್ತಿದ್ದರೆ ಗುಂಪಿಗೆ ಹಾಕಬೇಡಿ. 112ಕ್ಕೆ ಅಥವಾ ಹತ್ತಿರದ ಪೊಲೀಸ್ ಠಾಣೆಗೆ ಕರೆ ಮಾಡಿ. ನೆಲೆಯ ಸುತ್ತ ಅನುಮತಿ ಇಲ್ಲದೆ ಡ್ರೋನ್ ಹಾರಿಸುವುದು ನಿಷಿದ್ಧ, ಹಾಗಾಗಿ ನಿಮ್ಮ ಕರೆಗೆ ಬೆಲೆ ಇದೆ. ನೂರು ಸುಳ್ಳು ಫಾರ್ವರ್ಡ್‌ಗಳ ನಡುವೆ ಆ ಒಂದು ನಿಜವಾದ ಕರೆ ಮುಳುಗಬಾರದು.

ಇಷ್ಟು ಮಾಡಿದ ಮೇಲೂ ಏನೆಂದು ಗೊತ್ತಾಗದಿದ್ದರೆ, ಗೊತ್ತಾಗಲಿಲ್ಲ ಎಂದೇ ಬರೆಯಿರಿ. ಅದರಲ್ಲಿ ನಾಚಿಕೆ ಏನೂ ಇಲ್ಲ. ಹೈನೆಕ್ ಅವರಂಥ ವಿಜ್ಞಾನಿಗೇ ಆ ಮಾತನ್ನು ಧೈರ್ಯವಾಗಿ ಹೇಳಲು ಇಪ್ಪತ್ತು ವರ್ಷ ಬೇಕಾಯಿತು.